ಕಾರಿನ ಗಾಜಿನಾಚೆ ಒಂದು ಕೂಸು

ಕೊಳ್ಳೇಗಾಲ ಇನ್ನೂ ಅರೆನಿದ್ದೆಯಲ್ಲಿದೆ. ಬಸ್ ನಿಲ್ದಾಣದ ಕಡೆಯಿಂದ ಮೊದಲ ಬಸ್ಸಿನ ಹಾರ್ನ್ ಕೇಳಿಸಿ, ಹಾಗೆಯೇ ಮಂಜಿನಲ್ಲಿ ಕರಗಿಹೋಗುತ್ತದೆ. ಊರಂಚಿನ ಬಡಾವಣೆಯ ಮನೆಯೊಂದರ ಗೇಟಿನೊಳಗೆ ಬಿಳಿ ಕಾರು ಇಬ್ಬನಿ ಹೊದ್ದು ನಿಂತಿದೆ. ಪುಟ್ಟಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ವೈಪರ್‌ಗಳನ್ನು ಮೆಲ್ಲಗೆ ಎತ್ತಿ ನಿಲ್ಲಿಸುತ್ತಾರೆ. ಚೊಂಬಿನಿಂದ ಗಾಜಿನ ಮೇಲಂಚಿಗೆ ನೀರು ಬಿಡುತ್ತಾರೆ. ಒದ್ದೆ ಬಟ್ಟೆ ಇಳಿದು ಬಂದ ಕಡೆಯೆಲ್ಲ ಗಾಜಿನೊಳಗೆ ಬೆಳಗಾಗುತ್ತದೆ. ಮೊದಲು ಒಂದು ತೆಂಗಿನ ಗರಿ, ಆಮೇಲೆ ಬೂದು ಆಕಾಶ, ಅದರ ಮೂಲೆಯಲ್ಲಿ ಇನ್ನೂ ಆರದ ಒಂದು ಚುಕ್ಕಿ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದು ನೋಡುತ್ತ ನಿಂತ ನನಗೆ, ನಾನಿನ್ನೂ ಹಾಸಿಗೆ ಬಿಟ್ಟೇ ಇಲ್ಲವೇನೋ ಅನಿಸುತ್ತದೆ.

“ನಿದ್ದೆ ಬಂದ್ರೆ ಆ ಜಗಲಿ ಮೇಲೆ ಕೂತ್ಕಳಿ ಸಾ. ಇದ್ರಾಗ್ ನೋಡಾಕ್ ಏನದೆ?” ತಿರುಗದೆಯೇ ಅವರು ನಗುತ್ತಾರೆ.

ಏನಿದೆ ಎಂದು ಹೇಳುವುದು ಕಷ್ಟ. ಗಾಜು ಶುಭ್ರವಾಗಿದ್ದರೆ ಗಾಜೇ ಕಣ್ಣಿಗೆ ಬೀಳುವುದಿಲ್ಲ, ಇನ್ನು ಒರೆಸಿದವರು ಎಲ್ಲಿಂದ ಬೀಳಬೇಕು? ಬಡಾವಣೆಯ ಹನ್ನೊಂದು ಕಾರುಗಳು ಇವರ ಪಾಲಿನವು. ಮನೆಯವರು ರಾತ್ರಿಯೇ ಬಕೆಟ್ಟು ಹೊರಗಿಟ್ಟು ಮಲಗುತ್ತಾರೆ, ಎದ್ದು ಕಾರು ಹತ್ತಿ ಹೋಗುತ್ತಾರೆ. ಆಳು ಕುಳ್ಳಗಿರುವುದರಿಂದ ಪುಟ್ಟಗೌರಮ್ಮ ಮನೆಯಿಂದ ಮನೆಗೆ ಒಂದು ಮಣೆ ಹೊತ್ತು ತಿರುಗುತ್ತಾರೆ, ಅದರ ಮೇಲೆ ನಿಂತರಷ್ಟೇ ಗಾಜಿನ ನಡು ಸಿಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಾಜಿನ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿಯನ್ನೂ ಮುಂದಿನ ಗ್ರಿಲ್ಲಿನ ಸಂದುಗಳನ್ನೂ ತಿಕ್ಕುತ್ತಾರೆ. ಬಾಗಿಲ ಹಿಡಿಗಳನ್ನು ಕೊನೆಗೆ ಒರೆಸುತ್ತಾರೆ. ಚಳಿಗಾಲದಲ್ಲಿ ಬೆರಳ ತುದಿ ಸೀಳಿ ರಕ್ತ ಬರುತ್ತದಂತೆ. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಗಾಜಿಗೆ ಜಿಡ್ಡು ಹತ್ತುತ್ತದೆ, ಹಾಗಾಗಿ ಹಚ್ಚಿಕೊಳ್ಳುವುದಿಲ್ಲ.

ಗಂಡ ಮುತ್ತಯ್ಯ ರೇಷ್ಮೆ ಮಗ್ಗಕ್ಕೆ ಕೂರುತ್ತಿದ್ದ ಕಾಲದಲ್ಲಿ ಇವರು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮುತ್ತಯ್ಯನವರ ಬೆನ್ನು ಸೋತಿತು, ಮಗ್ಗ ನಿಂತಿತು. ಪಕ್ಕದ ಬೀದಿಯವರೊಬ್ಬರು ಕಾರು ಕೊಂಡ ಹೊಸತರಲ್ಲಿ, ‘ಗೌರಮ್ಮ, ಒಂದು ಕೈ ಒರೆಸಿಕೊಡ್ತೀಯಾ’ ಎಂದು ಕರೆದದ್ದೇ ಈ ಕೆಲಸಕ್ಕೆ ಮೊದಲು.

“ಎರಡ್ರಾಗೂ ಕೈ ಹಗುರ ಇರ್ಬೇಕು ಸಾ. ಆದ್ರೆ ನೂಲ್ ಕಿತ್ತೋದ್ರೆ ಗಂಟ್ ಆಕ್ಬೋದು. ಗಾಜ್ಗೆ ಗೀರ್ ಬಿದ್ರೆ ಬಿದ್ದಂಗೇಯ.”

ಬೇರೆ ಮನೆಗಳ ಮುಂದೆ ಗುನುಗುತ್ತ, ಕಾರಿನೊಂದಿಗೇ ಮಾತಾಡುತ್ತ ಕೆಲಸ ಮಾಡುವವರು ಈ ಬಿಳಿ ಕಾರಿನ ಮನೆಯಲ್ಲಿ ಮಾತ್ರ ದನಿ ತಗ್ಗಿಸುತ್ತಾರೆ. ಈ ಮನೆಯ ಹಿರಿಯರಾದ ದೊಡ್ಡಮಾದಮ್ಮ ಕಳೆದ ಜನವರಿಯಿಂದ ಇವರೊಡನೆ ಮಾತು ಬಿಟ್ಟಿದ್ದಾರೆ.

ಕಬ್ಬು ಕಡಿದ ಗದ್ದೆಗಳಲ್ಲಿ ಒಣ ತರಗಿಗೆ ಬೆಂಕಿ ಇಡುವ ಕಾಲ ಅದು. ರಾತ್ರಿ ಗಾಳಿಗೆ ಕರಿ ಬೂದಿ ತೇಲಿ ಬಂದು ಬೀದಿಯ ಕಾರುಗಳ ಮೇಲೆಲ್ಲ ಕೂತಿತ್ತು. ಅದೇ ಸಂಜೆ ದೊಡ್ಡಮಾದಮ್ಮ ಚಿಕ್ಕಲ್ಲೂರಿನಿಂದ ಧೂಳ್ತ ತಂದಿದ್ದರು. ಅಲ್ಲಿನ ದೈವ ಸಿದ್ದಪ್ಪಾಜಿಯ ಒಕ್ಕಲಿನವರು ಹಣೆಗಿಡುವ ಕಪ್ಪು ಬೂದಿ ಅದು. ಮೊಮ್ಮಗಳು ಸ್ಪಂದನ ತುಂಬು ಬಸುರಿ, ಬೆಳಗಾದರೆ ಮೈಸೂರಿನ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲಿ ಕಾಪಾಡಲೆಂದು ಅಜ್ಜಿ ಕಾರಿನ ಮುಂದಿನ ಗಾಜಿಗೆ ಧೂಳ್ತ ಬಳಿದು ಮಲಗಿದರು. ಮಬ್ಬುಗತ್ತಲಲ್ಲಿ ಬಂದ ಪುಟ್ಟಗೌರಮ್ಮ ಅದನ್ನು ಅಳಿಸಿಬಿಟ್ಟರು.

“ಬೀದಿ ಕಾರ್ಗೆಲ್ಲ ಕಬ್ಬಿನ್ ಮಸಿ ಬಿದ್ದಿತ್ತು. ಇದೂ ಅದೇಯ ಅಂತ ಉಜ್ಜಿ ಉಜ್ಜಿ ತಗ್ದೆ ಸಾ. ನಮ್ಮನೆ ಗೂಡ್ನಲ್ಲೂ ಆ ದೂಳ್ತ ಅದೆ, ದಿನಾ ಅಣೆಗ್ ಇಟ್ಕೊಳೋಳು ನಾನು. ನಾನೇ ಗುರ್ತ್ ಇಡೀನಿಲ್ಲ ಅಂದ್ರೆ!”

ಧೂಳ್ತ ತೊಳೆದ ನೀರನ್ನು ಗಿಡದ ಬುಡಕ್ಕೆ ಹುಯ್ಯಬೇಕು, ಕಾಲು ತುಳಿಯುವ ಕಡೆ ಚೆಲ್ಲಬಾರದು. ಅಂದು ಅದು ಚರಂಡಿಗೆ ಹರಿದುಹೋಗಿತ್ತು. ಮೊಮ್ಮಗಳನ್ನು ಬೀಳ್ಕೊಡಲು ಬಂದ ಅಜ್ಜಿ ಫಳಫಳ ಹೊಳೆಯುವ ಗಾಜು ನೋಡಿದರು, ಚರಂಡಿ ನೋಡಿದರು, ಒಳಗೆ ಹೋದರು. ಒಂದು ಬೈಗುಳವಾದರೂ ಬಿದ್ದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಪುಟ್ಟಗೌರಮ್ಮ.

ಮೈಸೂರಿನಲ್ಲಿ ಹೆರಿಗೆ ಕಷ್ಟವಾಯಿತು. ಹುಟ್ಟಿದ ಹೆಣ್ಣುಕೂಸಿಗೆ ತೂಕವಿಲ್ಲ, ಉಸಿರು ಸರಿಯಿಲ್ಲ. ‘ಅದಕ್ಕೂ ಇದಕ್ಕೂ ಏನ್ ಸಂಬಂಧ, ನೀನ್ ಬಾ ಗೌರಮ್ಮ’ ಎಂದವರು ಸ್ಪಂದನಳ ತಂದೆ ಶಿವಪ್ರಕಾಶ್. ಸಂಬಂಧವಿಲ್ಲವೆಂದೇ ನಾನೂ ನಂಬುವವನು. ಆದರೆ ಮುಂದಿನ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ.

“ಕೂಸ್ನ ಗಾಜಿನ್ ಪೆಟ್ಗೇಲಿ ಮಡಗವ್ರೆ ಅಂದ್ರು. ಆ ಗಾಜ ಯಾರ್ ಒರಸ್ತಾರೋ, ಸಂದಾಕ್ ಒರಸ್ತಾರೋ ಇಲ್ವೋ ಅನ್ಕಂಡೆ ಸಾ.”

ಕೂಸು ಗೆದ್ದು ಬಂತು. ಸ್ಪಂದನಳ ಗಂಡನ ಮನೆ ಹನೂರಿನಲ್ಲಿ, ಆಗಾಗ ತವರಿಗೆ ಬಂದು ಹೋಗುತ್ತಾಳೆ. ಬಂದಾಗ, ಹೊರಡುವಾಗ ಪುಟ್ಟಗೌರಮ್ಮನಿಗೆ ಕಾಣುವುದು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆ ಮೇಲಿರುವ ಕೂಸು ಮಾತ್ರ. ಕಾರಿನಿಂದ ಇಳಿದದ್ದೇ ಅಜ್ಜಿ ಅದನ್ನು ಎತ್ತಿಕೊಂಡು ಒಳಗೆ ನಡೆದುಬಿಡುತ್ತಾರೆ.

“ಅದು ಒಳಗಿಂದ ಗಾಜ ತಟ್ಟತದೆ. ನಾನು ಆಚೆಯಿಂದ ಬಟ್ಟೆ ಆಡುಸ್ತೀನಿ. ಬಟ್ಟೆ ಓದ್ಕಡೆಗೆಲ್ಲ ಅದ್ರ ಕಣ್ಣೂ ಓಯ್ತದೆ.” ಹೇಳುತ್ತ ಖಾಲಿ ಗಾಜಿನ ಮೇಲೆ ಬಟ್ಟೆ ಆಡಿಸಿ ತೋರಿಸುತ್ತಾರೆ. ಒಳಗೆ ಯಾರೂ ಇಲ್ಲ. ಆದರೂ ಅವರ ಮುಖದಲ್ಲಿ ನಗು ತುಂಬಿಕೊಳ್ಳುತ್ತದೆ, ನಾನೂ ಬಗ್ಗಿ ಒಳಗೆ ಇಣುಕುತ್ತೇನೆ.

ಇವತ್ತು ಬಿಸಿಲೇರುವುದರೊಳಗೆ ಸ್ಪಂದನ ಮತ್ತೆ ಹನೂರಿಗೆ ಹೊರಡುವವಳಿದ್ದಾಳೆ. ನಿಮ್ಮ ಆಸೆಯೇನು ಎಂದು ನಮ್ಮ ಕಸುಬಿನವರು ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ.

“ಆ ಕೂಸ್ನ ಒಂದ್ಸಲ ಎತ್ಕೋಬೇಕು. ನಡೂಕ್ ಗಾಜಿಲ್ದೆ.” ಬಟ್ಟೆ ಹಿಂಡುತ್ತ ಮೆಲ್ಲಗೆ ಸೇರಿಸುತ್ತಾರೆ, “ಅದು ಪೆಟ್ಗೇಲಿರೋಗಂಟ ನಾನು ಒಂದೊತ್ತು ಇದ್ದೆ ಸಾ. ರಾತ್ರಿ ಉಣ್ಣೋದ್ ಬುಟ್ಟಿದ್ದೆ. ಯಾರ್ಗೂ ಯೋಳ್ಬ್ಯಾಡಿ.”

ಪತ್ರಿಕೆಯವನಿಗೆ ಯಾರಿಗೂ ಹೇಳಬೇಡಿ ಎನ್ನುವುದೂ ಒಂದೇ, ಬೆಕ್ಕಿನ ಮುಂದೆ ಹಾಲಿಟ್ಟು ಕುಡಿಯಬೇಡ ಎನ್ನುವುದೂ ಒಂದೇ. ಆದರೆ ನಾನು ಹೇಳುವ ಪ್ರಮೇಯವೇ ಬರುವುದಿಲ್ಲ. ನನ್ನ ಬೆನ್ನ ಹಿಂದಿನ ಕಿಟಕಿಯಿಂದ ಒಂದು ಮುದಿ ದನಿ ಕೇಳುತ್ತದೆ.

“ಒಂದೊತ್ತು ಇದ್ದಾ ನೀನು?”

ದೊಡ್ಡಮಾದಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ. ಪುಟ್ಟಗೌರಮ್ಮನ ಕೈಯ ಬಟ್ಟೆ ಬಕೆಟ್ಟಿಗೆ ಬೀಳುತ್ತದೆ.

“ಊ ಕನವ್ವ.”

“ಯಾಕ್ ಯೋಳ್ನಿಲ್ಲ?”

“ನೀವು ಮಾತಾಡ್ಸ್ತಾ ಇರ್ನಿಲ್ವಲ್ಲವ್ವ.”

ಮತ್ತೆ ತಿರುಗಿ ನೋಡಿದರೆ ಕಿಟಕಿಯಲ್ಲಿ ಯಾರೂ ಇಲ್ಲ. ಮುಂಬಾಗಿಲ ಚಿಲಕ ಸರಿದ ಸದ್ದಾಗುತ್ತದೆ. ಅಜ್ಜಿ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ, ಸೊಂಟದ ಮೇಲೆ ನಿದ್ದೆಗಣ್ಣಿನ ಕೂಸು, ಹಿಂದೆ ಸ್ಪಂದನ.

“ಕೈ ಒರಸ್ಕೊಂಡ್ ಬಾ,” ಎನ್ನುತ್ತಾರೆ ದೊಡ್ಡಮಾದಮ್ಮ, ಬೇರೆತ್ತಲೋ ನೋಡುತ್ತ.

ಪುಟ್ಟಗೌರಮ್ಮ ಬಕೆಟ್ಟಿನ ಅಂಚಿನಲ್ಲಿರುವ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಒಂದೂ ಒಣಗಿಲ್ಲ. ಸೆರಗೂ ನೆನೆದಿದೆ. ನಾನು ಕರವಸ್ತ್ರ ಕೊಡುತ್ತೇನೆ. ಬೆರಳ ಸಂದು, ಉಗುರಿನ ಬುಡ, ಅಂಗೈ ಎಲ್ಲವನ್ನೂ ಒರೆಸಿಕೊಳ್ಳುತ್ತಾರೆ, ಸಾಲದೆಂಬಂತೆ ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ. ಕೊನೆಗೆ ಎರಡೂ ಕೈ ಚಾಚುತ್ತಾರೆ. ಕೂಸು ಒಂದು ಗಳಿಗೆ ಅವರನ್ನೇ ದಿಟ್ಟಿಸಿ, ಅಜ್ಜಿಯ ಸೊಂಟದಿಂದ ತಾನೇ ಬಾಗಿ ಬಂದು ಅವರ ತೋಳಿಗೆ ಬೀಳುತ್ತದೆ. ಅದನ್ನು ಎದೆಗೆ ಒತ್ತಿಕೊಂಡು ಪುಟ್ಟಗೌರಮ್ಮ ನನ್ನ ಕಡೆ ತಿರುಗುತ್ತಾರೆ. ಕೆನ್ನೆಯ ನೀರು ಒರೆಸಿಕೊಳ್ಳಲು ಅವರಿಗೀಗ ಕೈ ಬಿಡುವಿಲ್ಲ.

“ಭಾರ ಅದೆ ಸಾ,” ಎನ್ನುತ್ತಾರೆ. “ಒಳ್ಳೇ ಭಾರ ಅದೆ.”