ಮೂರನೇ ಕೌಂಟರಿನ ಸ್ಟೂಲು

ಬ್ಯಾಂಕುಗಳ ಚರಿತ್ರೆ ಬರೆಯುವವರು ಅಧ್ಯಕ್ಷರ ಹೆಸರು ಬರೆಯುತ್ತಾರೆ, ಕಟ್ಟಡ ಉದ್ಘಾಟನೆಯಾದ ತಾರೀಖು ಬರೆಯುತ್ತಾರೆ, ಠೇವಣಿ ಎಷ್ಟಿದ್ದದ್ದು ಎಷ್ಟಾಯಿತೆಂದು ಬರೆಯುತ್ತಾರೆ. ಗಾಜಿನ ಕಿಂಡಿಯ ಹಿಂದೆ ಕುಳಿತು ಮೂವತ್ತಮೂರು ವರ್ಷ ಜನರ ಮುಖ ನೋಡಿದವರಿಗೆ ಅಂಥ ಪುಸ್ತಕಗಳಲ್ಲಿ ಜಾಗ ಉಳಿಯುವುದಿಲ್ಲ. ಕಳೆದ ತಿಂಗಳು ನಿವೃತ್ತರಾದ, ಶಾಖೆಯ ಒಳಗೆ ‘ಮೇಡಂ’ ಎಂದೂ, ಹೊರಗೆ, ಅವರಿಗೆ ಕೇಳಿಸದಷ್ಟು ದೂರದಲ್ಲಿ, ‘ಸ್ಟೂಲ್ ಮೇಡಂ’ ಎಂದೂ ಕರೆಸಿಕೊಂಡ ನಮ್ಮ ಹಿರಿಯ ಸಹೋದ್ಯೋಗಿಗೆ ಆ ಜಾಗವನ್ನು ಈ ಅಭಿನಂದನ ಗ್ರಂಥ ಸ್ವಲ್ಪವಾದರೂ ಮಾಡಿಕೊಟ್ಟಿದೆ. ಅವರು ದೊಡ್ಡ ಹುದ್ದೆಗೆ ಏರಿದವರಲ್ಲ. ಎರಡು ಸಲ ಬಾಗಿಲಿಗೆ ಬಂದ ಬಡ್ತಿಯನ್ನು ವಿನಯದಿಂದಲೇ ವಾಪಸು ಕಳಿಸಿ, ಮೂರನೇ ಕೌಂಟರಿನಲ್ಲೇ ಉಳಿದವರು. ಗ್ರಾಹಕ ಸೇವೆ ಎಂಬ ಮಾತನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಶಾಖೆಯಲ್ಲಿ ಅದನ್ನು ದಿನವೂ ಕೈಯಾರೆ ಮಾಡಿದವರು ಅವರೊಬ್ಬರೇ ಎಂದರೆ ಉಳಿದ ಹನ್ನೊಂದು ಮಂದಿ ಸಿಬ್ಬಂದಿ ಬೇಸರಪಡಲಾರರು. ಈ ಲೇಖನ ಬರೆಯುತ್ತಿರುವ ನಾಲ್ಕನೇ ಕೌಂಟರಿನವನೂ ಆ ಹನ್ನೊಂದರಲ್ಲಿ ಒಬ್ಬ.

ನಮ್ಮ ಶಾಖೆಯ ಹಾಲಿನಲ್ಲಿ ಪಶ್ಚಿಮದ ಗೋಡೆಗೆ ಎತ್ತರದ ಮೂರು ಕಿಟಕಿಗಳಿವೆ. ಮಧ್ಯಾಹ್ನ ಎರಡು ದಾಟಿದರೆ ಬಿಸಿಲು ಓರೆಯಾಗಿ ಇಳಿದು, ನೆಲದ ಮೇಲೆ ನಿಧಾನವಾಗಿ ಸರಿಯುತ್ತ, ಮೂರೂವರೆಯ ಹೊತ್ತಿಗೆ ಮೂರನೇ ಕೌಂಟರಿನ ಮುಂದೆ ಬಂದು ನಿಲ್ಲುತ್ತದೆ. ಆಗ ಫ್ಯಾನಿನ ಸದ್ದು, ಮೊಹರು ಒತ್ತುವ ಸದ್ದು, ಸಾಲಿನಲ್ಲಿ ನಿಂತವರ ಪಿಸುಮಾತು ಎಲ್ಲವೂ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿ, ಎಚ್ಚರವಿದ್ದವರಿಗೂ ಅರೆನಿದ್ದೆಯ ಮಂಪರು ಕವಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮೇಡಂ ತಮ್ಮ ಬದುಕಿನ ದೊಡ್ಡ ತಪ್ಪನ್ನು ಮಾಡಿದ್ದು ಅಂಥದೊಂದು ಹೊತ್ತಿನಲ್ಲಿ.

ಬಾಗಿಲು ಮುಚ್ಚಲು ಹತ್ತು ನಿಮಿಷವಿತ್ತು. ಗಡಿಯಾರ ರಿಪೇರಿಯವನ ಹೆಂಡತಿ ಬಂದಿದ್ದರು. ಗಂಡ ತೀರಿಕೊಂಡು ಒಂದು ತಿಂಗಳಾಗಿತ್ತು; ಮನೆ ಬದಲಾಯಿಸಿದ್ದರಿಂದ ಜಂಟಿ ಖಾತೆಯ ವಿಳಾಸ ಬದಲಾಯಿಸಬೇಕಿತ್ತು, ಅಷ್ಟೇ. ವಿಳಾಸ ಬದಲಾವಣೆಯ ಫಾರಂ, ಜಂಟಿ ಖಾತೆಯಿಂದ ಒಬ್ಬರ ಹೆಸರು ತೆಗೆಯುವ ಫಾರಂ, ಎರಡೂ ಆಗ ಒಂದೇ ತಿಳಿಹಳದಿ ಬಣ್ಣದವು. ಮೇಡಂ ಕೈ ತಪ್ಪಿ ಎರಡನೆಯದನ್ನು ಕೊಟ್ಟರು. ಆಕೆ ನಿಂತಲ್ಲೇ, ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಓದದೆ ಸಹಿ ಹಾಕಿದರು. ಒಂದು ವಾರ ಕಳೆದು ಹೊಸ ಪಾಸ್‌ಬುಕ್ ಕೈಗೆ ಬಂದಾಗ ಅದರ ಮೇಲೆ ಅವರ ಹೆಸರೊಂದೇ ಇತ್ತು. ಹಳೆಯದನ್ನು ಬ್ಯಾಂಕು ನಿಯಮದಂತೆ ಹರಿದುಹಾಕಿಯಾಗಿತ್ತು.

“ಪರವಾಗಿಲ್ಲ ಬಿಡಮ್ಮ,” ಎಂದರು ಆಕೆ. “ನಮ್ಮಿಬ್ಬರ ಹೆಸರೂ ಒಟ್ಟಿಗಿದ್ದಿದ್ದು ಅದೊಂದರಲ್ಲೇ. ನಿಮಗೆ ಹೇಗೆ ಗೊತ್ತಾಗ್ಬೇಕು.”

ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಡಂ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆಕೆ ಬೈಯಲಿಲ್ಲ, ದೂರು ಬರೆಯಲಿಲ್ಲ, ಆ ವರ್ಷವೇ ಬೇರೆ ಊರಿಗೆ ಹೋದರು, ಮತ್ತೆ ಸಿಗಲಿಲ್ಲ. ಮೇಡಂ ಮಾತ್ರ ಮುಂದಿನ ಸಂಬಳದಲ್ಲಿ ಮರದ ಅಂಗಡಿಗೆ ಹೋಗಿ ನಾಲ್ಕು ಕಾಲಿನ ಒಂದು ಸ್ಟೂಲು ಕೊಂಡು, ತಾವೇ ಹೊತ್ತುತಂದು ಕೌಂಟರಿನ ಮುಂದೆ ಇಟ್ಟರು. ಅಂದಿನಿಂದ ಮೂರನೇ ಕೌಂಟರಿನಲ್ಲಿ ಯಾರೂ ನಿಂತುಕೊಂಡು ಸಹಿ ಹಾಕುವಂತಿಲ್ಲ. ಕೂರಬೇಕು, ಕಾಗದದಲ್ಲಿ ಏನಿದೆಯೆಂದು ಮೇಡಂ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಾರೆ, ಆಮೇಲೆ ಪೆನ್ನು.

ಮೊದಮೊದಲು ಸಾಲಿನಲ್ಲಿದ್ದವರು ಗೊಣಗಿದರು. ಇದೇನು ಹಲ್ಲಿನ ಡಾಕ್ಟರ ಅಂಗಡಿಯೇ ಎಂದು ಒಬ್ಬರು ಕೇಳಿದ್ದುಂಟು. ಬರಬರುತ್ತ ಜನ ಆ ನಿಧಾನಕ್ಕೆ ಒಗ್ಗಿಕೊಂಡರು, ಆಮೇಲೆ ಅದನ್ನೇ ಬಯಸಿ ಬಂದರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ನರ್ಸ್ ಒಬ್ಬರು ಮೇಡಂ ಓದುವುದನ್ನು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೇ ನಿದ್ದೆಹೋದಾಗ, ಮೇಡಂ ಅವರನ್ನು ಎಬ್ಬಿಸದೆ, ಕಿಂಡಿಯ ಪಕ್ಕಕ್ಕೆ ಬಾಗಿ ಬಾಗಿ ಉಳಿದವರ ಕೆಲಸ ಮಾಡಿಕೊಟ್ಟರು. ಸಾಲಿನಲ್ಲಿದ್ದವರೂ ದನಿ ತಗ್ಗಿಸಿದರು. ಹನ್ನೊಂದು ನಿಮಿಷ ಇಡೀ ಶಾಖೆ ಮಗು ಮಲಗಿದ ಕೋಣೆಯಂತಿತ್ತು. ನಾಲ್ಕನೇ ಕೌಂಟರಿನವನು ಕೆಲಸಕ್ಕೆ ಹೊಸಬನಾಗಿದ್ದಾಗ ದೊಡ್ಡಪ್ಪನ ಮಗನ ಸಾಲಕ್ಕೆ ಜಾಮೀನು ಹಾಕಲು ಹೊರಟು, ಗೋಡೆಗೆ ಕಾಗದ ಒತ್ತಿಹಿಡಿದು ಸಹಿ ಹಾಕುವುದರಲ್ಲಿದ್ದ. ಮೇಡಂ ಎದ್ದು ಬಂದು ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ನಾಲ್ಕು ಪುಟವನ್ನೂ ಓದಿದರು. “ಹಾಕಿ, ಬಿಡಿ, ನಿಮ್ಮಿಷ್ಟ. ಏನಕ್ಕೆ ಹಾಕ್ತಿದೀರಿ ಅಂತ ಗೊತ್ತಿದ್ದು ಹಾಕಿ,” ಎಂದರು. ಅವನು ಅಂದು ಸಹಿ ಹಾಕಲಿಲ್ಲ. ಇಂದಿಗೂ ಸ್ವಂತ ಮನೆಯಲ್ಲಿ ಮಲಗುತ್ತಿದ್ದಾನೆ.

ಇಷ್ಟೆಲ್ಲ ಮಾಡಿಯೂ ಮೇಡಂಗೆ ಒಂದು ಕನಸು ತಪ್ಪಲಿಲ್ಲ. ಊಟದ ಡಬ್ಬಿ ಬಿಚ್ಚುವಾಗ ಅದನ್ನು ಹವಾಮಾನದ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳುತ್ತಿದ್ದರು. ಶಾಖೆಯ ಹಾಲಿನ ತುಂಬ ಬಿಸಿಲು. ಅವರು ಇಷ್ಟು ವರ್ಷ ಕಂಡ ಗ್ರಾಹಕರೆಲ್ಲ ಸ್ಟೂಲುಗಳ ಮೇಲೆ ಕುಳಿತಿದ್ದಾರೆ, ಸಾಲು ಸಾಲಾಗಿ, ಗೋಡೆ ದಾಟಿ ರಸ್ತೆಯವರೆಗೆ. ಗಡಿಯಾರ ರಿಪೇರಿಯವನ ಹೆಂಡತಿಯೊಬ್ಬರೇ, ಬಹಳ ದೂರದಲ್ಲಿ, ನಿಂತಿದ್ದಾರೆ. ಮೇಡಂ ಸ್ಟೂಲು ಹಿಡಿದು ನಡೆಯುತ್ತಾರೆ, ನಡೆಯುತ್ತಲೇ ಇರುತ್ತಾರೆ. “ಮುಟ್ಟೋದೇ ಇಲ್ಲ ನೋಡಿ,” ಎಂದು ಡಬ್ಬಿ ಮುಚ್ಚುತ್ತಿದ್ದರು.

ಎರಡು ವರ್ಷದ ಹಿಂದೆ ಆಡಳಿತ ಕಚೇರಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ಪ್ರತಿ ಖಾತೆಗೂ ತಿಂಗಳಿಗಿಷ್ಟು ಎಂದು ಸೇವಾ ಶುಲ್ಕ. ಒಬ್ಬರು ಹೋಟೆಲಿನಲ್ಲಿ ಒಂದು ಹೊತ್ತು ಉಂಡಷ್ಟು. ಕೊಡಲು ಒಪ್ಪಿಗೆಯೋ, ಖಾತೆ ಮುಚ್ಚುತ್ತೀರೋ ಎಂದು ಪ್ರತಿಯೊಬ್ಬ ಗ್ರಾಹಕರಿಂದಲೂ ಸಹಿ ಪಡೆಯಬೇಕು. ಅರ್ಧಕ್ಕಿಂತ ಕಡಿಮೆ ಜನ ಉಳಿದರೆ ಶಾಖೆಗೆ ಬೀಗ. ರಸ್ತೆಯ ಆಚೆ ಬದಿಯಲ್ಲಿ ಅದೇ ತಿಂಗಳು ಇನ್ನೊಂದು ಬ್ಯಾಂಕು ತೆರೆದಿತ್ತು. ಅಲ್ಲಿ ನಾಲ್ಕು ಯಂತ್ರ, ಒಬ್ಬ ಕಾವಲುಗಾರ, ಶುಲ್ಕವೇ ಇಲ್ಲ. ಸುತ್ತೋಲೆಯ ಜೊತೆ ಬಣ್ಣದ ಕರಪತ್ರವೂ ಬಂತು. ‘ನಿಮ್ಮನ್ನು ಕೂರಿಸಿ ಮಾತಾಡಿಸುವ ಬ್ಯಾಂಕು’ ಎಂಬ ಸಾಲಿನ ಕೆಳಗೆ ಒಂದು ಚಿತ್ರ. ಮೇಡಂ ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಅವರದೇ ಸ್ಟೂಲು.

ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ಒಬ್ಬ ಹೆಂಗಸಿಗೆ ಮಾಡಿದ ಅನ್ಯಾಯದ ಋಣವನ್ನು ತಾವು ತಮ್ಮಷ್ಟಕ್ಕೆ ತೀರಿಸುತ್ತ ಬಂದಿದ್ದಕ್ಕೆ ಈಗ ಊರವರಿಂದ ಬಾಡಿಗೆ ಕೇಳುತ್ತಿದ್ದಾರೆ ಎಂಬುದು ಅವರ ಸಂಕಟ. ತಾವು ಜನರನ್ನು ಕೂರಿಸಿದ್ದು ಇದಕ್ಕೇ ಏನೋ ಎಂದು ನಾಳೆ ಯಾರಾದರೂ ಅಂದುಕೊಂಡರೆ ಮೂವತ್ತೊಂದು ವರ್ಷವೂ ನೀರಿನಲ್ಲಿ ಹೋಮ ಮಾಡಿದಂತೆ. ಇತ್ತ ಶಾಖೆ ಮುಚ್ಚಿದರೆ ಹನ್ನೆರಡು ಮನೆಗಳ ಪಾಡು.

“ನಿಮ್ಮ ಕೌಂಟರಿಗೆ ಬಂದವರು ಇಲ್ಲ ಅನ್ನಲ್ಲ ಮೇಡಂ,” ಎಂದು ಮ್ಯಾನೇಜರು ಒಪ್ಪಿಗೆ ಫಾರಂಗಳ ಕಟ್ಟನ್ನೆಲ್ಲ ಅವರ ಮುಂದೆಯೇ ಇಟ್ಟರು.

ಮೇಡಂ ಎಂದಿನಂತೆ ಒಬ್ಬೊಬ್ಬರನ್ನೇ ಕೂರಿಸಿದರು, ಫಾರಂ ಓದಿದರು, ಮತ್ತು ಓದಿ ಮುಗಿದ ಮೇಲೆ ಫಾರಂನಲ್ಲಿ ಇಲ್ಲದ ಒಂದು ಸಾಲು ಸೇರಿಸಿದರು: “ಎದುರುಗಡೆ ಬ್ಯಾಂಕಲ್ಲಿ ಶುಲ್ಕ ಇಲ್ಲ. ಅಲ್ಲಿ ಮಾತಾಡೋಕೆ ಜನ ಇಲ್ಲ, ಆದ್ರೆ ಕೆಲಸ ಆಗುತ್ತೆ. ಯೋಚ್ನೆ ಮಾಡಿ.” ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಮೊದಲು ಖಾತೆ ಮುಚ್ಚಿದ್ದು ಮೇಡಂ ಅವರ ಸ್ವಂತ ಅಕ್ಕ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ, ನಾಲಗೆ ಚುರುಕಿನ ಹೆಂಗಸು. ಇಬ್ಬರೂ ಒಂದೇ ಮನೆಯಲ್ಲಿರುವವರು. “ನಿನ್ನ ಸೇವೆ ನಂಗೆ ಮನೇಲೇ ಬಿಟ್ಟಿ ಸಿಗುತ್ತಲ್ಲೇ,” ಎಂದು ಹೇಳಿ, ಆರಾಮವಾಗಿ ಕುಳಿತು ಸಹಿ ಹಾಕಿ, ರಸ್ತೆ ದಾಟಿದರು. ತಂಗಿಯೇ ಗಾಡಿ ಬರುತ್ತದೆಯೇ ಎಂದು ಬಾಗಿಲಲ್ಲಿ ನಿಂತು ನೋಡಿದರು.

ಆಮೇಲೆ ಬಂದವರು ಮೂಲೆಯಂಗಡಿಯ ಟೈಲರು. ಇಪ್ಪತ್ತು ವರ್ಷದ ಗ್ರಾಹಕರು. ಕುಳಿತರು, ಎಲ್ಲ ಕೇಳಿದರು, ಪೆನ್ನು ಮುಟ್ಟಲಿಲ್ಲ.

“ಮೇಡಂ, ನೀವೇ ಹೇಳಿ. ಇಷ್ಟು ಚೆನ್ನಾಗಿ ನೋಡ್ಕೋತೀರಿ ಅಂತ ಈ ದುಡ್ಡು ಕೊಡೋದು ಸರೀನಾ?”

ಬಿಸಿಲು ಸ್ಟೂಲಿನ ಕಾಲಿನವರೆಗೆ ಬಂದಿತ್ತು. “ನಂಗೆ ಗೊತ್ತಿಲ್ಲ,” ಎಂದರು ಮೇಡಂ. “ಸಿಬ್ಬಂದಿ ಖಾತೆಗೆ ಶುಲ್ಕ ಇಲ್ಲ. ನಾನು ಕೊಡದೇ ಇರೋದನ್ನ ನೀವು ಕೊಡಿ ಅಂತ ಹೇಗೆ ಹೇಳ್ಲಿ?”

ಟೈಲರು ತಲೆಯಾಡಿಸಿದರು. “ನಾನು ಹೊಲಿಗೆಗೆ ದುಡ್ಡು ತಗೋತೀನಿ. ಅಳತೆ ತಗೊಳ್ಳೋಕೆ ಯಾವತ್ತೂ ತಗೊಂಡಿಲ್ಲ,” ಎಂದು, ಖಾತೆ ಮುಚ್ಚುವ ಕಡೆ ಸಹಿ ಹಾಕಿ ಹೋದರು.

ಮುಂದಿನ ವಾರ ಅದೇ ಟೈಲರು ಎದುರು ಬ್ಯಾಂಕಿನಿಂದ ಬಂದ ಕಾಗದ ಹಿಡಿದು ನಮ್ಮ ಸಾಲಿನಲ್ಲಿ ನಿಂತಿದ್ದರು. ಏನು ಬರೆದಿದೆಯೋ ಅರ್ಥವಾಗದೆ, ಕೇಳಲು ಅಲ್ಲಿ ಯಾರೂ ಇರದೆ ಬಂದಿದ್ದರು. ಮೇಡಂ ಕೂರಿಸಿ ಓದಿ ಹೇಳಿದರು. ಅವರು ನಮ್ಮ ಗ್ರಾಹಕರಲ್ಲವಲ್ಲ ಎಂದು ಮ್ಯಾನೇಜರು ಮೆಲ್ಲಗೆ ನೆನಪಿಸಿದಾಗ, “ಸ್ಟೂಲ್ ನಂದಲ್ವಾ ಸಾರ್,” ಎಂದರು, ಅಷ್ಟೇ ಮೆಲ್ಲಗೆ. ಹಾಗೆ ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ಕಾಗದ ಹಿಡಿದು ಬಂದು ಕುಳಿತುಹೋಗುವುದು ವಾಡಿಕೆಯಾಯಿತು. ಎಣಿಕೆ ಮುಗಿದಾಗ ಉಳಿದವರು ಅರ್ಧಕ್ಕಿಂತ ಹದಿನೇಳು ಹೆಚ್ಚು. ಶಾಖೆ ಬದುಕಿತು. ಟೈಲರ ಪ್ರಶ್ನೆ ಮಾತ್ರ ಮೇಡಂ ಬಳಿಯೇ ಉಳಿಯಿತು; ಕೆಲಸವಿಲ್ಲದ ಹೊತ್ತಿನಲ್ಲಿ ಅವರು ಕಿಂಡಿಯಿಂದ ಸ್ಟೂಲನ್ನೇ ನೋಡುತ್ತ ಕೂರುತ್ತಿದ್ದರು.

ನಿವೃತ್ತಿಯ ದಿನ ಹಾಲಿನಲ್ಲಿ ಕುರ್ಚಿ ಹಾಕಿ ಜನ ಕಾಯುತ್ತಿದ್ದರು. ಟೈಲರು ಬಂದಿದ್ದರು, ಅಕ್ಕ ಮೊದಲ ಸಾಲಿನಲ್ಲಿದ್ದರು. ಒಂದು ಕೆಲಸ ಬಾಕಿಯಿತ್ತು. ಅಂದಿನಿಂದ ಮೇಡಂ ಸಿಬ್ಬಂದಿಯಲ್ಲ. ಅವರ ಖಾತೆ ಎಲ್ಲರ ಖಾತೆಯಂತಾಗುತ್ತದೆ, ಅವರೂ ಆ ಫಾರಂಗೆ ಸಹಿ ಹಾಕಬೇಕು. ಮೂರನೇ ಕೌಂಟರಿಗೆ ಅಂದೇ ಬದಲಾಗಿದ್ದ ನಾಲ್ಕನೇ ಕೌಂಟರಿನವನು ಫಾರಂ ಮುಂದಿಟ್ಟ. ಕಾರ್ಯಕ್ರಮಕ್ಕೆ ತಡವಾಗುತ್ತಿತ್ತು. ಮೇಡಂ ಕಿಂಡಿಯ ಈಚೆ ನಿಂತು, ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಪೆನ್ನು ತೆಗೆದು ಬಾಗಿದರು.

“ಕೂತ್ಕೊಳ್ಳಿ ಮೇಡಂ,” ಎಂದ ಅವನು.

ಅವರು ತಲೆಯೆತ್ತಿ ನೋಡಿದರು. ಆಮೇಲೆ, ಮೂವತ್ತಮೂರು ವರ್ಷದಲ್ಲಿ ಮೊದಲ ಸಲ, ತಮ್ಮ ಸ್ಟೂಲಿನ ಮೇಲೆ ತಾವು ಕುಳಿತರು.

ಸ್ಟೂಲು ಕಟಕ್ಕೆಂದು ಒಂದು ಕಡೆಗೆ ವಾಲಿತು. ಮೇಡಂ ಗಾಬರಿಯಿಂದ ಕೌಂಟರಿನ ಅಂಚು ಹಿಡಿದುಕೊಂಡರು. ಇತ್ತ ಸರಿದರೆ ಅತ್ತ ವಾಲಿತು.

“ಇದು ಅಲ್ಲಾಡುತ್ತಲ್ರೀ.”

“ಹೌದು ಮೇಡಂ. ನೆಲಕ್ಕೆ ಹೊಸ ಕಲ್ಲು ಹಾಕಿದಾಗಿಂದ.”

“ಅದಾಗಿ ಇಪ್ಪತ್ತು ವರ್ಷ ಆಯ್ತು. ಯಾರೂ ಹೇಳ್ಲೇ ಇಲ್ವಲ್ಲ?”

ಮೊದಲ ಸಾಲಿನ ಹಿಂದಿನಿಂದ ಟೈಲರ ದನಿ ಬಂತು. “ಎಲ್ರಿಗೂ ಗೊತ್ತು ಮೇಡಂ. ನೀವು ಬೇಜಾರ್ ಮಾಡ್ಕೋತೀರಿ ಅಂತ ಹೇಳ್ಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಕೂತ್ರೆ ಸರಿಹೋಗುತ್ತೆ.”

ಮೇಡಂ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು. ನಿದ್ದೆಹೋದ ಆ ನರ್ಸ್ ಕೂಡ ನಿದ್ದೆಯಲ್ಲೇ ಒಂದು ಕಾಲು ಊರಿದ್ದರು, ಈಗ ನೆನಪಾಗುತ್ತದೆ ಎಂದರು. ಅವನು ಫಾರಂ ಮೊದಲಿನಿಂದ ಕೊನೆಯವರೆಗೆ ಓದಿದ, ಅದರಲ್ಲಿ ಇಲ್ಲದ ಸಾಲನ್ನೂ ಸೇರಿಸಿದ: “ಎದುರುಗಡೆ ಬ್ಯಾಂಕಲ್ಲಿ ಶುಲ್ಕ ಇಲ್ಲ ಮೇಡಂ. ಯೋಚ್ನೆ ಮಾಡಿ.”

“ಕೊಡ್ತೀನಿ,” ಎಂದರು ಮೇಡಂ. “ಈ ಬಾಗಿಲು, ಬೀಗ, ದೀಪ, ನಿಮ್ಮೆಲ್ಲರ ಸಂಬಳ, ಅದಕ್ಕೆ ಕೊಡ್ತೀನಿ. ಅದು ಹೊಲಿಗೆ ಕೂಲಿ. ಸ್ಟೂಲಿಗೆ ಮಾತ್ರ ಕೊಡಲ್ಲ. ಅದರ ಬಾಡಿಗೆ ಎಲ್ರೂ ಇಪ್ಪತ್ತು ವರ್ಷ ಕಾಲೂರಿ ಆಗ್ಲೇ ಕೊಟ್ಟಾಗಿದೆ.”

ಸಹಿ ಹಾಕಿ, ಸಲಹೆಗಳು ಎಂದಿದ್ದ ಖಾಲಿ ಜಾಗದಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: ‘ಕರಪತ್ರದಿಂದ ಸ್ಟೂಲಿನ ಚಿತ್ರ ತೆಗೆಯಿರಿ.’ ಆಮೇಲೆ ಕೌಂಟರಿನ ಮೇಲಿದ್ದ ಕರಪತ್ರಗಳಲ್ಲಿ ಒಂದನ್ನು ತೆಗೆದು, ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ, ಬಗ್ಗಿ, ಸ್ಟೂಲಿನ ನೆಲ ಮುಟ್ಟದ ಕಾಲಿನ ಕೆಳಗೆ ಸಿಕ್ಕಿಸಿದರು. ಕೈಯಿಂದ ಒತ್ತಿ ನೋಡಿದರು. ಅಲ್ಲಾಡಲಿಲ್ಲ.

“ಹಾಗಾದ್ರೆ ನಾನು ವಾಪಸ್ ಬರ್ಬೇಕಾ?” ಎಂದು ಅಕ್ಕ ಕುಳಿತಲ್ಲಿಂದಲೇ ಕೇಳಿದರು.

“ನಿನ್ನಿಷ್ಟ ಅಕ್ಕ. ಕೂತ್ಕೊಂಡು ಯೋಚ್ನೆ ಮಾಡು,” ಎಂದರು ತಂಗಿ.

ಆಡಳಿತ ಕಚೇರಿಯಿಂದ ಸಲಹೆಗೆ ಉತ್ತರ ಇನ್ನೂ ಬಂದಿಲ್ಲ. ಹೋದ ವಾರ ಮೇಡಂ ಯಾವುದೋ ಕಾಗದ ಹಿಡಿದು ಬಂದಿದ್ದರು; ಅವರಿಗೆ ಓದಲು ಬಾರದ ಕಾಗದ ಬ್ಯಾಂಕಿನಲ್ಲಿಲ್ಲ, ಆದರೂ ಓದಿಸಿಕೊಂಡರು. ಏಳುವ ಮುಂಚೆ, ಕನಸು ಮತ್ತೆ ಬಿತ್ತು ಎಂದರು. ಅದೇ ಹಾಲು, ಅದೇ ಬಿಸಿಲು. ಈ ಸಲ ಗಡಿಯಾರ ರಿಪೇರಿಯವನ ಹೆಂಡತಿ ಕುಳಿತಿದ್ದರಂತೆ. ಮೇಡಂ ಬರಿಗೈಲಿ ನಡೆದು ಬರುವುದನ್ನು ಕಂಡು ಸ್ವಲ್ಪ ಸರಿದು, “ಜಾಗ ಇದೆ ಬನ್ನಿ,” ಎಂದರಂತೆ.

ನಮ್ಮ ಮೇಡಂ ಆರೋಗ್ಯವಾಗಿ ನೂರು ಕಾಲ ಬಾಳಲಿ. ಅಕ್ಕನ ಜೊತೆ ಜಗಳವಾಡುತ್ತ, ಬೀದಿಯವರ ಕಾಗದಗಳನ್ನು ಓದಿ ಹೇಳುತ್ತ, ಅವರ ಕೆಲಸ ಇನ್ನೂ ಬಹುಕಾಲ ಸಾಗಲಿ. ಮೂರೂವರೆಗೆ ಬಿಸಿಲು ಮೂರನೇ ಕೌಂಟರಿನ ಮುಂದೆ ಬಂದಾಗ ಒಮ್ಮೊಮ್ಮೆ ನಮ್ಮ ಕಡೆಗೂ ಬಂದು ಕೂರಲಿ. ಸ್ಟೂಲು ಅಲ್ಲೇ ಇದೆ. ಅಭ್ಯಾಸಬಲದಿಂದ ಜನ ಈಗಲೂ ಒಂದು ಕಾಲು ಊರಿಯೇ ಕೂರುತ್ತಾರೆ.