ನೀರಿನೊಳಗೆ ನೀಲಾ ಅತ್ತಿ

ಆಗೆಲ್ಲ ಬೇಸಿಗೆ ಸೂಟಿ ಎಂದರೆ ನನಗೆ ಇಳಕಲ್ಲು. ಅಪ್ಪನಿಗೆ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನ ಕೆಲಸ. ಪರೀಕ್ಷೆ ಮುಗಿದ ಮರುದಿನವೇ ನನ್ನನ್ನು ಕೆಂಪು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿ, ಕಂಡಕ್ಟರನಿಗೆ ಎರಡೆರಡು ಸಲ ಹೇಳಿ ಕಳಿಸುತ್ತಿದ್ದ. ಆ ಕಡೆ ಅಜ್ಜ ಬಂದು ನಿಂತಿರುತ್ತಿದ್ದ. ಅಜ್ಜನ ಓಣಿ ಹೊಕ್ಕರೆ ಎರಡೂ ಸಾಲಿನ ಮನೆಗಳಿಂದ ಮಗ್ಗದ ಸಪ್ಪಳ, ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ. ಆ ವಾಸನೆ ಮೂಗಿಗೆ ಬಡಿದಾಗಲೇ ನನಗೆ ಸೂಟಿ ಶುರುವಾದಂತೆ.

ಮನೆಯಲ್ಲಿ ಇದ್ದವರು ಅಜ್ಜ ಮತ್ತು ನೀಲಾ ಅತ್ತಿ, ಅಪ್ಪನ ತಂಗಿ. ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಒಂದು ಕಾಲನ್ನು ಸೊರಗಿಸಿ ಹೋಗಿತ್ತು. ಕೈಯಿಂದ ಮೊಣಕಾಲು ಒತ್ತಿ ಒತ್ತಿ ನಡೆಯುತ್ತಿದ್ದಳು. ಅಜ್ಜನ ಮಗ್ಗ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುವಂಥದ್ದು. ಅದು ಅವಳಿಂದ ಆಗುತ್ತಿರಲಿಲ್ಲ. ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಂತೂ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಅಂಗಳದಿಂದಲೇ ತಿರುಗಿ ಹೋಗಿತ್ತಂತೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನಾನು ನಾಲ್ಕನೆಯ ಇಯತ್ತೆ ಮುಗಿಸಿ ಬಂದ ಬೇಸಿಗೆಯದು. ಸಂಜೆ ಓಣಿಯ ಹುಡುಗಿಯರೊಂದಿಗೆ ಕುಂಟಾಟ ಆಡುತ್ತಿದ್ದೆ. ಮನೆಗಳಿಗೆ ಗೆರೆ ಎಳೆದು, ಹಂಚಿನ ಚೂರು ಒಗೆದು, ಒಂಟಿ ಕಾಲಲ್ಲಿ ಜಿಗಿಯುವಾಗ ಒಬ್ಬಳು ನಿಮ್ಮತ್ತಿ ಹೆಂಗ ನಡೀತಾಳ ತೋರಿಸು ಎಂದಳು. ನಾನು ತೋರಿಸಿದೆ. ಮೊಣಕಾಲಿಗೆ ಕೈ ಒತ್ತಿ, ಸೊಂಟ ತಿರುವಿ, ಕಾಲು ಎಳೆಯುತ್ತ ಓಣಿಯ ಈ ತುದಿಯಿಂದ ಆ ತುದಿಗೆ ಹೋದೆ. ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಆ ನಗುವಿನ ಹುಮ್ಮಸ್ಸಿಗೆ ತಿರುಗಿ ಬರುವಾಗಲೂ ಹಾಗೆಯೇ ಬಂದೆ. ನೋಡಿದರೆ ಅತ್ತಿ ಬಾಗಿಲಲ್ಲಿ ನಿಂತಿದ್ದಳು.

ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಎಂದಿನಂತೆ ಬಿಸಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು ಹಾಕಿ ತಟ್ಟೆಯನ್ನು ನನ್ನ ಮುಂದಿಟ್ಟಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಮಧ್ಯಾಹ್ನ ಅಜ್ಜ ಉಂಡು ಅಡ್ಡಾದ ಮೇಲೆ, ಅತ್ತಿ ತನ್ನ ಜೊತೆ ಬರುತ್ತೀಯಾ ಎಂದು ಕೇಳಿದಳು. ಎಲ್ಲಿಗೆಂದು ಕೇಳುವ ಧೈರ್ಯ ನನಗಿರಲಿಲ್ಲ. ಊರ ಹೊರಗೆ ಅವಳ ಬಾಲ್ಯದ ಗೆಳತಿ ಮಾಬೂಬಿಯ ಹೊಲವಿತ್ತು. ಹಾದಿಯುದ್ದಕ್ಕೂ ನಾನು ಮುಂದೆ ಹೋಗಿ ನಿಲ್ಲುವುದು, ಅವಳು ಬಂದು ಕೂಡಿಕೊಳ್ಳುವುದು. ಹೊಲದ ನಡುವೆ ಕೆಂಪು ಕಲ್ಲಿನ ದೊಡ್ಡ ಬಾವಿ. ಗಂಡಸರು ಮಲಗುವ ಆ ಹೊತ್ತು ಹೆಂಗಸರದು. ಆದರೂ ಊರಿಗೆ ದೂರವೆಂದು ಬೇರೆ ಯಾರೂ ಬರುತ್ತಿರಲಿಲ್ಲ; ಮಾಬೂಬಿ ಚಾಚಿಯೊಬ್ಬಳೇ ಆಗಲೇ ಬಟ್ಟೆ ಒಗೆಯುತ್ತ ಕೂತಿದ್ದಳು. ಅತ್ತಿ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಕೂತುಕೊಂಡೇ ಮೆಟ್ಟಿಲು ಒಂದೊಂದಾಗಿ ಇಳಿದಳು. ಕೊನೆಯ ಮೆಟ್ಟಿಲಿಂದ ನೀರಿಗೆ ಜಾರಿದಳು.

ಒಂದು ಕ್ಷಣ ಅವಳು ಕಾಣಲಿಲ್ಲ. ನಾನು ಹೆದರಿ ಚಾಚಿಯ ಸೆರಗು ಹಿಡಿದೆ. ಅತ್ತಿ ಬಾವಿಯ ಆ ಬದಿಯಲ್ಲಿ ಎದ್ದಳು. ಅಲ್ಲಿಂದ ಮೈ ಮಗುಚಿ, ಅಂಗಾತವಾಗಿ, ಸದ್ದೇ ಇಲ್ಲದೆ ತೇಲಿ ಬಂದಳು. ನೆಲದ ಮೇಲೆ ಪ್ರತಿ ಹೆಜ್ಜೆಗೂ ಗಂಟಾಗುತ್ತಿದ್ದ ಅವಳ ಹುಬ್ಬು ಆಗ ಸಡಿಲಾಗಿತ್ತು. ಅವಳು ಅಷ್ಟು ಚೆಲುವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವತ್ತಿನಿಂದ ನನ್ನ ಪಾಠ ಶುರುವಾಯಿತು. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಹೊಟ್ಟೆಯ ಕೆಳಗೆ ತನ್ನ ಅಂಗೈ ಇಟ್ಟು, ಕೈಕಾಲು ಬಡಿಯಲು ಹೇಳುತ್ತಿದ್ದಳು. ಮೂಗಿಗೆ ನೀರು ಏರಿ ಅತ್ತರೆ ಮೆಟ್ಟಿಲ ಮೇಲೆ ಕೂರಿಸಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಕೊಡುತ್ತಿದ್ದಳು. ಎಂಟು ಹತ್ತು ದಿನ ಕಳೆದ ಮೇಲೆ ಬುರುಡೆ ಬಿಚ್ಚಿದಳು. ನಾನು ಮೆಟ್ಟಿಲು ಬಿಡಲೊಲ್ಲೆ. ಅವಳು ನೀರಿನ ನಡುವೆ ತೇಲುತ್ತ ಎರಡೂ ಕೈ ಚಾಚಿದಳು. ಜಿಗಿದೆ. ಕಿವಿಯಲ್ಲಿ ಭೋರೆಂಬ ಸದ್ದು, ಸುತ್ತಲೂ ಹಸಿರು ಕತ್ತಲು, ಉಸಿರು ಮುಗಿಯಿತು ಎನ್ನುವಾಗ ನನ್ನ ಜಡೆಗೆ ಅವಳ ಕೈ ಬಿತ್ತು. ಮೇಲೆ ಬಂದು ಕೆಮ್ಮಿದೆ. ಎರಡನೆಯ ಸಲ ಜಿಗಿದಾಗ ಅವಳ ಕೈ ಬೇಕಾಗಲಿಲ್ಲ.

ತಲೆ ಒಣಗಿಸುತ್ತ ಬಿಸಿಲಲ್ಲಿ ಕೂತಾಗ ಅತ್ತಿ ಮೆಲ್ಲಗೆ ಹೇಳಿದಳು, "ಅವತ್ತ ನೀ ಮಾಡಿದ್ದು ತಪ್ಪಿತ್ತು ನೋಡು."

ನಾನು ತಲೆ ತಗ್ಗಿಸಿದೆ.

"ನೀ ಬಲಗಾಲ ಎಳದಿ. ನಂದು ಎಡಗಾಲು."

ಮುಖ ನೋಡಿದರೆ ನಗುತ್ತಿದ್ದಳು. ನಾನು ಅವಳ ತೊಡೆಯಲ್ಲಿ ಮುಖ ಹುದುಗಿಸಿ, ಅಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಅತ್ತೆ. ಅವಳು ಬೇಡವೆನ್ನಲಿಲ್ಲ; ಅಳು ಮುಗಿಯುವವರೆಗೂ ನನ್ನ ಕೂದಲ ಸಿಕ್ಕು ಬಿಡಿಸುತ್ತ ಕೂತಳು.

ಸುದ್ದಿ ಅಜ್ಜನ ಕಿವಿಗೂ ಬಿತ್ತು. ದೊಡ್ಡವಳಾದ ಮೇಲೆ ಮಗಳು ಬಾವಿ ಬಿಟ್ಟಿದ್ದಾಳೆ ಎಂದೇ ಅವನು ತಿಳಿದಿದ್ದ. ಮಗ್ಗ ನಿಲ್ಲಿಸಿ ಅವಳನ್ನು ಕರೆದ. ಹುಡುಗಿಗೆ ಏನಾದರೂ ಆದರೆ ನಿಮ್ಮಣ್ಣನಿಗೆ ಯಾವ ಮುಖ ತೋರಿಸಲಿ, ನಾಳೆಯಿಂದ ಇಬ್ಬರೂ ಹೋಗುವುದು ಬೇಡ ಎಂದ. ಅವನ ಮಾತಿಗೆ ಅತ್ತಿ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅವಳು ಗೋಡೆ ಹಿಡಿದು ನೆಟ್ಟಗೆ ನಿಂತಳು.

"ಅಪ್ಪಾ, ನನಗ ನಡ್ಯಾಕ ಯಾರ ಕಡೆಯಿಂದ್ಲೂ ಕಲಿಸಾಕ ಆಗಲಿಲ್ಲ. ಅವ್ವ ಹೊತ್ತಕೊಂಡ ಹೋಗಿ ಈಸೂದೊಂದ ಕಲಿಸಿ ಹ್ವಾದ್ಲು. ನನ್ನ ಹತ್ರ ಕೊಡಾಕ ಇರೂದು ಅದೊಂದ ಐತಿ. ಇಕೀಗಿ ಕೊಡ್ತೇನಿ."

ಅಜ್ಜ ಅವತ್ತು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಸಂಜೆಯವರೆಗೂ ಕುಣಿಯ ಅಂಚಿಗೆ ಕೂತಿದ್ದ.

ಮರುದಿನ ನಾವು ಹೊರಟಾಗ ಅವನೂ ಟೋಪಿ ಹಾಕಿಕೊಂಡು ಹಿಂದೆ ಬಂದ. ಬಾವಿಯಿಂದ ಒಂದಿಷ್ಟು ದೂರ ಬೇವಿನ ಗಿಡದ ಕೆಳಗೆ, ನಮಗೆ ಬೆನ್ನು ತಿರುಗಿಸಿ ಕೂತ. ಆ ಹಾದಿಯಲ್ಲಿ ಗಂಡಸರು ಯಾರಾದರೂ ಬಂದರೆ ಅಲ್ಲಿಂದಲೇ ಬೇರೆ ಹಾದಿ ತೋರಿಸುತ್ತಿದ್ದ. ಸೂಟಿ ಮುಗಿಯುವವರೆಗೂ ದಿನಾ ಹಾಗೇ ಬಂದ. ಒಂದು ದಿನವೂ ತಿರುಗಿ ನೋಡಲಿಲ್ಲ. ಹೆಂಗಸರ ಹೊತ್ತಿನ ಮರ್ಯಾದೆ ಮುರಿಯುವವನಲ್ಲ ಅವನು.

ನಾನು ಊರಿಗೆ ಹೊರಡುವ ಹಿಂದಿನ ದಿನ ಬಾವಿಯಿಂದ ತಿರುಗಿ ಬರುವಾಗ ಅತ್ತಿ, ಚಾಚಿ ಮಾತಾಡುತ್ತ ಹಿಂದೆ ಉಳಿದರು. ಅಜ್ಜ ನನ್ನ ಕೈ ಹಿಡಿದು ಮುಂದೆ ನಡೆಯುತ್ತಿದ್ದ. ಒಮ್ಮೆಲೆ ಕೇಳಿದ, "ನಿಮ್ಮತ್ತಿ ಖರೇನ ಈಸ್ತಾಳೇನು?"

"ಹೂಂ ಅಜ್ಜ."

"ಹೆಂಗ ಈಸ್ತಾಳ?"

ನಾನು ಸ್ವಲ್ಪ ಯೋಚಿಸಿ ಹೇಳಿದೆ, "ನೀರಾಗ ಅತ್ತಿ ಕುಂಟಂಗಿಲ್ಲ, ಅಜ್ಜ."

ಅಜ್ಜ ಟೋಪಿ ತೆಗೆದು ಮುಖ ಒರೆಸಿಕೊಂಡ. ಬಿಸಿಲಿಗೆ ಬೆವರಿದ್ದಾನೆಂದು ತಿಳಿದೆ. ಆಮೇಲೆ ಮನೆ ಮುಟ್ಟುವವರೆಗೂ ಅವನು ಅತ್ತಿಯ ನಡಿಗೆಗೆ ಸರಿಯಾಗಿ, ಅವಳು ಕೂಡಿಕೊಳ್ಳುವಂತೆ, ತಡೆದು ತಡೆದು ನಡೆದ.

ಮುಂದೆ ನಾನು ಬಾಗಲಕೋಟೆಯಲ್ಲಿ ಓದಿ, ಅಲ್ಲೇ ಸಾಲಿಯಲ್ಲಿ ಕಲಿಸುತ್ತ ಉಳಿದೆ. ಅಜ್ಜ ಹೋದ, ಮಾಬೂಬಿ ಚಾಚಿ ಹೋದಳು. ಹೊಲ ಪ್ಲಾಟುಗಳಾಯಿತು, ಬಾವಿಯನ್ನು ಮಣ್ಣು, ಒಡೆದ ಇಟ್ಟಿಗೆ ಹಾಕಿ ಮುಚ್ಚಿದರು. ಓಣಿಯಲ್ಲೀಗ ಪವರ್‌ಲೂಮಿನ ಸದ್ದು, ಮಾತು ಕೇಳಿಸದಷ್ಟು. ಹೋದ ಮಳೆಗಾಲದಲ್ಲಿ ಅತ್ತಿಯೂ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಪಾಪ, ಕುಂಟುತ್ತಲೇ ಜೀವ ಸವೆಸಿದಳು, ಒಂದು ಸುಖ ಕಾಣಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅವಳು ಹೇಗೆ ಈಸುತ್ತಿದ್ದಳು ಎಂದು ಹೇಳತೊಡಗಿದೆ. ನನ್ನ ದುಃಖ ನೋಡಿ ಅವರು ಹೌದೌದೆಂದು ತಲೆಯಾಡಿಸಿದರು, ಒಬ್ಬಾಕೆ ನೀರು ತಂದುಕೊಟ್ಟಳು. ಯಾರೂ ನಂಬಿದಂತೆ ಕಾಣಲಿಲ್ಲ. ತಪ್ಪು ಅವರದಲ್ಲ. ನೀಲಾ ಅತ್ತಿಯನ್ನು ನೀರಿನಲ್ಲಿ ಕಂಡವರ ಪೈಕಿ ಭೂಮಿಯ ಮೇಲೆ ಈಗ ಉಳಿದಿರುವವಳು ನಾನೊಬ್ಬಳೇ.