ಬಾವಿನೀರಿನ ಕೊನೆಯ ಮೂರು ವಾರ

ಪಿಎಚ್‌ಡಿ ಸೀಟಿಗಾಗಿ ಕಂಡಕಂಡ ಪ್ರಯೋಗಾಲಯಗಳಿಗೆಲ್ಲ ಮೇಲ್ ಬರೆದು ಬರೆದು ನನಗೆ ಸಾಕಾಗಿತ್ತು. ಬಹಳಷ್ಟು ಪ್ರೊಫೆಸರರು ಉತ್ತರವನ್ನೇ ಕೊಡಲಿಲ್ಲ, ಕೊಟ್ಟವರು ಜಾಗವಿಲ್ಲ ಎಂದರು. ಒಬ್ಬರು ಮಾತ್ರ ಸಂದರ್ಶನಕ್ಕೆ ಕರೆದರು. ಕೆರೆ, ಬಾವಿಗಳಲ್ಲಿರುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಹುಳುಗಳ ಮೇಲೆ ಅವರ ಸಂಶೋಧನೆ. ನಿಮ್ಮೂರಿನ ಒಂದು ಬಾವಿಯ ನೀರನ್ನು ಆರು ವಾರ ತೆಗೆದು, ಹುಳುಗಳನ್ನು ಎಣಿಸಿ, ಮೊದಲೇ ವರದಿ ಕಳಿಸಿ ಎಂದಿದ್ದರು.

ಐನಾಪುರದಲ್ಲಿ ನಮ್ಮ ಹಿತ್ತಲಲ್ಲೇ ಬಾವಿ. ಮೊದಲ ಮೂರು ವಾರ ನಾನೇ ನೀರು ತೆಗೆದೆ. ಆಮೇಲೆ ಚಿಕ್ಕೋಡಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಶುರುವಾಯಿತು. ದಿನಾ ಬಾಟಲಿ ತುಂಬಿಡುವುದನ್ನು ಆಯಿಗೆ, ಅಂದರೆ ಅಪ್ಪನ ತಾಯಿಗೆ, ಒಪ್ಪಿಸಿ ಹೋದೆ. ರವಿವಾರ ಬಂದು ಎಣಿಸುತ್ತಿದ್ದೆ. ಕೊನೆಯ ಮೂರು ವಾರ ಹುಳುಗಳು ಇಲ್ಲವೇ ಇಲ್ಲ! ಸುತ್ತಲ ಕಬ್ಬಿಗೆ ಆಗಷ್ಟೇ ಗೊಬ್ಬರ ಹಾಕಿದ್ದರು. ಅದಕ್ಕೇ ಸತ್ತಿವೆ, ಒಳ್ಳೆಯ ಫಲಿತಾಂಶ ಸಿಕ್ಕಿತು ಎಂದು ಹಿಗ್ಗಿ ಹೀರೇಕಾಯಿಯಾಗಿ ವರದಿ ಬರೆದು ಕಳಿಸಿಬಿಟ್ಟೆ.

ಸಂದರ್ಶನದ ಹಿಂದಿನ ಸಂಜೆ ಮನೆಗೆ ಬಂದೆ. ಸಾಕು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಆಯಿ ಇನ್ನೂ ಬಾಟಲಿ ತುಂಬುತ್ತಲೇ ಇದ್ದಳು. ಬಾಟಲಿಯ ಬಾಯಿಗೆ ಎರಡು ಪದರ ಮಡಚಿದ ಬಿಳಿ ಬಟ್ಟೆ. ನೀರು ಸೋಸಿ, ಬಟ್ಟೆಯನ್ನು ಮಗುಚಿ, ಅದಕ್ಕಂಟಿದ ಜೀವಗಳನ್ನು ಮೆಲ್ಲಗೆ ಬಾವಿಗೇ ಮರಳಿ ಬಿಟ್ಟಳು. ನಮ್ಮ ಜೈನರ ಮನೆಗಳಲ್ಲಿ ನೀರು ಸೋಸುವುದೇ ಹೀಗೆ. ಹುಟ್ಟಿದಾಗಿನಿಂದ ನೋಡಿದ್ದೆ, ಆದರೂ ನನ್ನ ತಲೆಗೆ ಹೊಳೆದಿರಲಿಲ್ಲ.

"ಆಯಿ, ದಿನಾ ಹಿಂಗ ಗಾಳಿಸಿ ತುಂಬಿದೇನ?"

"ಮತ್ತ? ಗಾಳಿಸದ ನೀರ ಯಾರಿಗರೆ ಕೊಡತಾರೇನ, ಹುಚ್ಚಿ?"

ಮರುದಿನ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂವರು ಕೂತಿದ್ದರು. ಪ್ರೊಫೆಸರರ ಮೊದಲ ಪ್ರಶ್ನೆಯೇ ಅದು: "ಗೊಬ್ಬರದಿಂದಲೇ ಎಂದು ಖಾತ್ರಿಯೇ?" ಹೌದು ಎಂದಿದ್ದರೆ ಸೀಟು ಸಿಗುತ್ತಿತ್ತೇನೋ. ನಾಲಿಗೆಯ ತುದಿಗೂ ಬಂದಿತ್ತು.

"ಇಲ್ಲ ಸರ್. ಆ ಮೂರು ವಾರದ ನೀರನ್ನು ನಮ್ಮ ಅಜ್ಜಿ ಸೋಸಿ ತುಂಬಿದ್ದಾರೆ. ನನಗೆ ನಿನ್ನೆ ಗೊತ್ತಾಯಿತು."

ಒಬ್ಬರು ನಕ್ಕರು. ಪ್ರೊಫೆಸರರು ನಗಲಿಲ್ಲ. "ಹೇಗೆ ತುಂಬಿದರೆಂದು ನೋಡದೆ ಇಷ್ಟು ಧೈರ್ಯವಾಗಿ ಬರೆದಿರಲ್ಲ?" ಎಂದರು.

ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಇನ್ನೊಂದು ಕರೆಗೆ ಮತ್ತೆ ವರ್ಷ ಕಾಯಬೇಕು. ಸಿಟ್ಟೆಲ್ಲ ಆಯಿಯ ಮೇಲೆ ತಿರುಗಿತು. ಎರಡು ದಿನ ಮಾತೇ ಆಡಲಿಲ್ಲ. ಯಾಕೆಂದು ಅಪ್ಪ ಆಕೆಗೆ ಹೇಳಿದ್ದು ನನಗೆ ತಿಳಿದಿರಲಿಲ್ಲ. ಮೂರನೆಯ ದಿನ ಆಕೆ ಊಟಕ್ಕೆ ಬರಲಿಲ್ಲ. ಅವತ್ತು ಆಕೆ ಉಪವಾಸ ಹಿಡಿಯುವ ಅಷ್ಟಮಿಯೂ ಅಲ್ಲ, ಚತುರ್ದಶಿಯೂ ಅಲ್ಲ. ಕೋಣೆಯಲ್ಲಿ ಗೋಡೆಗೊರಗಿ ಜಪಸರ ಎಣಿಸುತ್ತಿದ್ದಳು.

"ಇವತ್ತ ಯಾವ ಉಪವಾಸ, ಆಯಿ?"

"ನನ್ನಿಂದ ನಿನ್ನ ಒಂದ ವರ್ಸ ಹಾಳಾತಲ್ಲ, ಅದಕ್ಕ. ಆದ್ರ ಗಾಳಿಸದ ಕೊಡಾಕ ಮಾತ್ರ ನನ್ನ ಕೈಲೆ ಆಗೂದಿಲ್ಲ, ಮಗಾ. ಬ್ಯಾರೆ ಯಾರಿಗರೆ ಹೇಳ."

ನಾಚಿಕೆಯಿಂದ ಭೂಮಿಗಿಳಿದುಹೋದೆ. ತಪ್ಪು ನನ್ನದು, ಏಳು ಎಂದು ಎಷ್ಟು ಬೇಡಿಕೊಂಡರೂ ಆಕೆ ಏಳಲಿಲ್ಲ. ಆಕೆಯೊಡನೆ ನಾನೂ ಉಪವಾಸ ಕೂರೋಣವೆಂದರೆ, ಆಗಲೇ ಉಂಡು ಕೈತೊಳೆದಿದ್ದೆ.